ಚದುರಂಗದಲ್ಲಿ ಬಲಿಯಾಟವೂ ಶಾಸ್ತ್ರಜ್ಞಾನವೂ

ಚದುರಂಗವಾಡುವವರಲ್ಲಿ ಎರಡು ತೆರದವರುಂಟು. ಒಂದು ಕಾಲಾಳು ಕೈಬಿಟ್ಟುಹೋದರೂ ಮನೆಯ ತೊಲೆಯೇ ಕುಸಿದಂತೆ ಕಳವಳಪಡುವವರು ಕೆಲವರು. ಕೈಗೆ ಸಿಕ್ಕ ಕಾಯಿಯನ್ನೆಲ್ಲ ಎದುರಾಳಿಯ ಮುಂದೆ ಚೆಲ್ಲಿ, "ನೋಡು, ಇನ್ನು ನಿನ್ನ ರಾಜನ ಪಾಡೇನು" ಎಂದು ಮೀಸೆ ತಿರುವುವವರು ಮತ್ತೆ ಕೆಲವರು. ಮೊದಲನೆಯವರ ಆಟವನ್ನು ನೋಡುವುದಕ್ಕೆ ತಾಳ್ಮೆ ಬೇಕು. ಎರಡನೆಯವರ ಆಟವನ್ನು ನೋಡುವುದಕ್ಕೆ ಜನ ಗುಂಪುಗೂಡುತ್ತಾರೆ. ಆದರೆ ಆಟ ಮುಗಿದಾಗ ಮೀಸೆ ತಿರುವಿದವರೇ ತಲೆತಗ್ಗಿಸಿ ಏಳುವುದು ಅಪರೂಪವಲ್ಲ. ಧೈರ್ಯವಿದ್ದರೂ ಹೀಗಾಗುವುದೇಕೆ? ಸಾಹಸದ ಆಟಕ್ಕೆ ಬುದ್ಧಿಯ ಚುರುಕು ಸಾಲದೆ? ಅದಕ್ಕೂ ಗ್ರಂಥಪರಿಚಯ ಬೇಕೆ? ಈ ಪ್ರಶ್ನೆಯನ್ನು ನಾವು ಈ ಹೊತ್ತು ವಿಚಾರಮಾಡೋಣ.

ಆಟದ ಮೊದಲಲ್ಲಿಯೇ ಒಂದು ಕಾಲಾಳನ್ನೋ ಕೆಲವು ಸಂದರ್ಭಗಳಲ್ಲಿ ಅದಕ್ಕಿಂತ ಹೆಚ್ಚನ್ನೋ ಬೇಕೆಂದೇ ಎದುರಾಳಿಗೆ ಒಪ್ಪಿಸಿ, ಅದಕ್ಕೆ ಬದಲಾಗಿ ಬೇರೊಂದು ಅನುಕೂಲವನ್ನು ಪಡೆಯುವ ಉಪಾಯಕ್ಕೆ ಪಾಶ್ಚಾತ್ಯರು ಗ್ಯಾಂಬಿಟ್ಟು ಎನ್ನುತ್ತಾರೆ. ಇಟಲಿಯ ಭಾಷೆಯಲ್ಲಿ ಕುಸ್ತಿಯವನು ಕಾಲು ಕೊಟ್ಟು ಎದುರಾಳಿಯನ್ನು ಬೀಳಿಸುವ ವರಸೆಗೆ ಇದ್ದ ಹೆಸರೇ ಈ ಮಾತಿಗೆ ಮೂಲ. ಸ್ಪೇನ್ ದೇಶದ ರೂಯಿ ಲೋಪೆಜ್ ಎಂಬ ಪಾದ್ರಿಯು 1561ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಚದುರಂಗಕ್ಕೆ ತಂದನು. ನಾವು ಇದನ್ನು ಬಲಿಯಾಟವೆಂದು ಕರೆಯಬಹುದು. ಹೆಸರಿನಲ್ಲಿಯೇ ಒಂದು ಎಚ್ಚರಿಕೆ ಅಡಗಿದೆ. ಕಾಲು ಕೊಟ್ಟವನು ವರಸೆಯನ್ನು ಪೂರ್ತಿಯಾಗಿ ಅರಿತಿರದಿದ್ದರೆ, ಬೀಳುವವನು ಅವನೇ.

ಮುಂದೆ ಹೇಳುವುದನ್ನು ಮಣೆಯೊಂದನ್ನು ಎದುರಿಗಿಟ್ಟುಕೊಂಡು ಅನುಸರಿಸಿದರೆ ಸುಲಭವಾದೀತು. ಮೂಲೆಯಲ್ಲಿ ನಿಂತು ನೇರವಾಗಿ ನಡೆಯುವುದನ್ನು ಆನೆಯೆಂದೂ, ಓರೆಯಾಗಿ ನಡೆಯುವುದನ್ನು ಒಂಟೆಯೆಂದೂ, ರಾಜನ ಪಕ್ಕದಲ್ಲಿ ನಿಂತು ಎಲ್ಲ ದಿಕ್ಕಿಗೂ ಓಡುವುದನ್ನು ಮಂತ್ರಿಯೆಂದೂ ಇಲ್ಲಿ ಕರೆಯುತ್ತೇವೆ. ರಾಜನ ಪಾರ್ಶ್ವದಲ್ಲಿರುವ ಕುದುರೆ ರಾಜನ ಕುದುರೆ. ಮಂತ್ರಿಯ ಪಾರ್ಶ್ವದಲ್ಲಿರುವುದು ಮಂತ್ರಿಯ ಕುದುರೆ. ಉಳಿದವನ್ನೂ ಹಾಗೆಯೇ ತಿಳಿಯತಕ್ಕದ್ದು.

ನಮ್ಮ ದೇಶದ ಹಳೆಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯುತ್ತಿತ್ತು. ಪ್ರಾಚೀನ ಪದ್ಧತಿಯಲ್ಲಿ ಮಂತ್ರಿಯು ಓರೆಯಾಗಿ ಒಂದೇ ಮನೆ ನಡೆಯುವ ಬಡಪಾಯಿ. ಆದಕಾರಣ ಎರಡು ಸೈನ್ಯಗಳೂ ಎದುರುಬದುರಾಗುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು; ಮೊದಲಲ್ಲಿ ಒಂದೆರಡು ನಡೆ ವ್ಯರ್ಥವಾದರೂ ದೊಡ್ಡ ಕೇಡಾಗುತ್ತಿರಲಿಲ್ಲ. ಹದಿನೈದನೆಯ ಶತಮಾನದ ಕೊನೆಯ ವೇಳೆಗೆ ಯೂರೋಪಿನಲ್ಲಿ ಮಂತ್ರಿಗೂ ಒಂಟೆಗೂ ಮಣೆಯ ಈ ಕೊನೆಯಿಂದ ಆ ಕೊನೆಯವರೆಗೆ ಓಡುವ ಶಕ್ತಿ ಬಂದಿತು. ಅಂದಿನಿಂದ ಮೂರು ನಾಲ್ಕು ನಡೆಗಳಲ್ಲಿಯೇ ರಾಜನಿಗೆ ಅಪಾಯವೊದಗುವಂತಾಯಿತು. ಕಾಲಕ್ಕೆ ಬೆಲೆ ಬಂದಿತು. ಬಲಿಯಾಟವು ಹುಟ್ಟಿದ್ದೂ, ಆರಂಭದ ನಡೆಗಳನ್ನು ಒರೆಗೆ ಹಚ್ಚಿ ಗ್ರಂಥಸ್ಥಮಾಡುವ ಆರಂಭಶಾಸ್ತ್ರವು ಬೆಳೆದದ್ದೂ ಈ ಬದಲಾವಣೆಯಿಂದಲೇ. ಇವೆರಡೂ ಒಂದೇ ತಾಯಿಯ ಮಕ್ಕಳು.

ಬಲಿಕೊಟ್ಟವನಿಗೆ ದೊರೆಯುವುದೇನು? ಮುಖ್ಯವಾಗಿ ಕಾಲ. ಎದುರಾಳಿಯು ಕಾಲಾಳನ್ನು ಹಿಡಿಯುವುದಕ್ಕೂ ಹಿಡಿದದ್ದನ್ನು ಕಾಯುವುದಕ್ಕೂ ನಡೆಗಳನ್ನು ವೆಚ್ಚಮಾಡುತ್ತಿರುವಾಗ, ಕೊಟ್ಟವನು ತನ್ನ ಕುದುರೆ ಒಂಟೆಗಳನ್ನು ರಣರಂಗಕ್ಕೆ ತಂದು ನಿಲ್ಲಿಸುತ್ತಾನೆ. ಮೂರು ನಡೆಗಳ ಲಾಭವು ಒಂದು ಕಾಲಾಳಿಗೆ ಸಮವೆಂದು ಹಿಂದಿನಿಂದ ಒಂದು ಸ್ಥೂಲವಾದ ಲೆಕ್ಕವುಂಟು. ಆದರೆ ಈ ವ್ಯಾಪಾರದಲ್ಲಿ ಒಂದು ವಿಷಮತೆಯಿದೆ. ಎದುರಾಳಿಗೆ ದೊರೆತ ಕಾಲಾಳು ಕೆಡುವ ಪದಾರ್ಥವಲ್ಲ. ಐವತ್ತನೆಯ ನಡೆಯಲ್ಲಿಯೂ ಅದು ಒಂದು ಕಾಲಾಳೇ, ಕೆಲವು ವೇಳೆ ಮಂತ್ರಿಯಾಗುವ ಕಾಲಾಳು. ನಮಗೆ ದೊರೆತ ಕಾಲವಾದರೋ ಕರಗುವ ಪದಾರ್ಥ. ಎದುರಾಳಿಯು ತನ್ನ ಸೈನ್ಯವನ್ನು ಹೊರಕ್ಕೆ ತಂದು ರಾಜನಿಗೆ ಕೋಟೆ ಕಟ್ಟಿಕೊಂಡೊಡನೆ ನಮ್ಮ ಮುಂಗಡವೆಲ್ಲ ಆವಿಯಾಗುತ್ತದೆ. ಬೆಲೆಯನ್ನು ಮೊದಲೇ ತೆತ್ತಾಗಿದೆ. ಸರಕನ್ನು ಎತ್ತಿಕೊಳ್ಳುವುದಕ್ಕೆ ಉಳಿದಿರುವುದು ಹತ್ತು ಹದಿನೈದು ನಡೆಗಳ ಅವಧಿ ಮಾತ್ರ. ಆ ಅವಧಿಯಲ್ಲಿ ಒಂದು ನಡೆಯನ್ನು ಹಿಂದುಮುಂದಾಗಿ ನಡೆಸಿದರೂ ವ್ಯಾಪಾರವು ನಷ್ಟಕ್ಕೆ ತಿರುಗುತ್ತದೆ. ಶಾಂತವಾದ ಆಟದಲ್ಲಿ ಅಜ್ಞಾನಕ್ಕೆ ಸಾಲ ಸಿಕ್ಕುತ್ತದೆ, ಬಲಿಯಾಟದಲ್ಲಿ ಸಿಕ್ಕುವುದಿಲ್ಲ.

ಇದನ್ನು ರಾಜನ ಬಲಿಯಾಟವೆಂದು ಪ್ರಸಿದ್ಧವಾದ ಆರಂಭದಲ್ಲಿ ನೋಡೋಣ. ಬಿಳಿಯವನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತಾನೆ. ಕರಿಯವನೂ ಹಾಗೆಯೇ ಮಾಡುತ್ತಾನೆ. ಎರಡನೆಯ ನಡೆಯಲ್ಲಿ ಬಿಳಿಯವನು ರಾಜನ ಒಂಟೆಯ ಮುಂದಿನ ಕಾಲಾಳನ್ನೂ ಎರಡು ಮನೆ ನಡೆಸಿ ಕರಿಯ ಕಾಲಾಳಿನ ಬಾಯಿಗಿಡುತ್ತಾನೆ. ಕರಿಯವನು ಹೊಡೆಯುತ್ತಾನೆ. ಬಿಳಿಯವನಿಗೆ ಇದರಿಂದ ಬಂದ ಲಾಭ ಸ್ಪಷ್ಟವಾಗಿದೆ: ಕರಿಯ ಕಾಲಾಳು ಮಣೆಯ ನಡುಭಾಗವನ್ನು ಬಿಟ್ಟು ಪಕ್ಕಕ್ಕೆ ಸರಿಯಿತು, ಮುಂದೆ ಕೋಟೆ ಕಟ್ಟಿದಾಗ ಬಿಳಿಯ ಆನೆಗೆ ಒಂದು ರಾಜಮಾರ್ಗ ತೆರೆಯುವ ಭರವಸೆಯುಂಟಾಯಿತು.

ಈಗ ಶಾಸ್ತ್ರವನ್ನು ಓದದ ಬುದ್ಧಿವಂತನು ಏನು ಮಾಡುತ್ತಾನೆ? ನಡುಭಾಗ ಬರಿದಾಗಿದೆಯಷ್ಟೆ, ಅದನ್ನು ಆಕ್ರಮಿಸೋಣವೆಂದು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತಾನೆ. ನೋಡುವುದಕ್ಕೆ ಇದಕ್ಕಿಂತ ಸಹಜವಾದ ನಡೆ ಮತ್ತೊಂದಿಲ್ಲ. ಕೂಡಲೇ ಕರಿಯ ಮಂತ್ರಿಯು ಓರೆಯಾಗಿ ಹೊರಟು ಬಿಳಿಯವನ ಬಲಗಡೆಯ ಅಂಚಿಗೆ ಬಂದು ನಿಂತು ಶಹ ಕೊಡುತ್ತದೆ. ರಾಜನ ಕುದುರೆಯ ಮುಂದಿನ ಕಾಲಾಳನ್ನು ಒಂದು ಮನೆ ನೂಕಿ ಅಡ್ಡಗಟ್ಟೋಣವೆಂದರೆ, ಮುಂದೆ ಬಂದಿದ್ದ ಕರಿಯ ಕಾಲಾಳು ಅದನ್ನು ಹೊಡೆಯುತ್ತದೆ; ಅದನ್ನು ಅಂಚಿನ ಕಾಲಾಳಿನಿಂದ ಹೊಡೆದರೆ ಮೂಲೆಯ ಆನೆಯೇ ಹೋಗುತ್ತದೆ. ರಾಜನು ತಾನೇ ಒಂದು ಮನೆ ಮುಂದೆ ಬಂದು ನಿಲ್ಲಬೇಕು. ಅಲ್ಲಿ ಅವನು ತನ್ನ ಮಂತ್ರಿಗೂ ಒಂಟೆಗೂ ತಾನೇ ಅಡ್ಡವಾಗಿ, ಕೋಟೆಯ ಹಕ್ಕನ್ನೂ ಕಳೆದುಕೊಂಡು, ಬಯಲಿನಲ್ಲಿ ನಿಂತಂತಾಗುತ್ತದೆ. ಮೊದಲು ರಾಜನ ಕುದುರೆಯನ್ನು ಒಂಟೆಯ ಸಾಲಿಗೆ ತಂದಿದ್ದರೆ ಆ ಅಂಚಿನ ಮನೆಯು ಕುದುರೆಯ ಕಾವಲಿಗೆ ಸಿಕ್ಕುತ್ತಿತ್ತು. ಶಹಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಕಾಲಾಳನ್ನು ಅನಂತರ ನಡೆಸಬಹುದಾಗಿತ್ತು. ನಡೆಗಳೆರಡೂ ಒಳ್ಳೆಯವೇ, ಅನುಕ್ರಮವೊಂದು ತಪ್ಪಿತು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಜರ್ಮನಿಯ ಆಡಾಲ್ಫ್ ಆಂಡರ್ಸನ್ 1851ರಲ್ಲಿ ಲಂಡನ್ನಿನಲ್ಲಿ ಕೀಸೆರಿಟ್ಸ್ಕಿಯ ಮೇಲೆ ಆಡಿದ, ಅಮರಪಂದ್ಯವೆಂದು ಹೆಸರಾದ ಆಟದಲ್ಲಿಯೂ ಬಿಳಿಯ ರಾಜನಿಗೆ ಮೂರನೆಯ ನಡೆಯಲ್ಲಿಯೇ ಇದೇ ಶಹ ಬಿದ್ದಿತಲ್ಲ! ನಿಜ, ಬಿದ್ದಿತು. ಆದರೆ ಆಂಡರ್ಸನ್ ಮೂರನೆಯ ನಡೆಯಲ್ಲಿ ಹೊರಕ್ಕೆ ತಂದದ್ದು ರಾಜನ ಒಂಟೆಯನ್ನು. ಅದರಿಂದ ತೆರವಾದ ಮನೆಗೆ ರಾಜನು ಪಕ್ಕಕ್ಕೆ ಸರಿದು ನಿಂತನು. ಅಲ್ಲಿ ಅವನು ಯಾರ ದಾರಿಗೂ ಅಡ್ಡವಾಗಿರಲಿಲ್ಲ. ಕೆಲವು ನಡೆಗಳೊಳಗೆ ಬಿಳಿಯ ಕುದುರೆಯು ಹೊರಬಿದ್ದು ಕರಿಯ ಮಂತ್ರಿಯನ್ನೇ ಬೆದರಿಸಿತು. ಮಂತ್ರಿಯು ಮತ್ತೆ ಓಡಬೇಕಾಯಿತು. ಎಂದರೆ ಆಂಡರ್ಸನ್ ಕೋಟೆಯ ಹಕ್ಕನ್ನು ಮಾರಿ ಕಾಲವನ್ನು ಕೊಂಡನು. ಮುಂದೆ ಒಂದು ಒಂಟೆಯನ್ನೂ ಎರಡು ಆನೆಗಳನ್ನೂ ಕಡೆಗೆ ಮಂತ್ರಿಯನ್ನೂ ಕೊಟ್ಟು, ಉಳಿದ ಎರಡು ಕುದುರೆ ಮತ್ತು ಒಂದು ಒಂಟೆಯಿಂದ ಕರಿಯ ರಾಜನನ್ನು ಕಟ್ಟಿಹಾಕಿದನು. ಒಂದೇ ಶಹವು ಒಬ್ಬನಿಗೆ ಆಪತ್ತು, ಮತ್ತೊಬ್ಬನಿಗೆ ಲೆಕ್ಕಕ್ಕೆ ಬಂದ ಖರ್ಚು. ಅರಿತು ಅಪಾಯಕ್ಕೆ ಒಡ್ಡಿಕೊಳ್ಳುವುದಕ್ಕೂ ಅರಿಯದೆ ಬೀಳುವುದಕ್ಕೂ ಇರುವ ಭೇದ ಇದೇ. ಆ ಅಮರಪಂದ್ಯದಲ್ಲಿಯೂ ಅನಂತರದ ಪಂಡಿತರು ದೋಷಗಳನ್ನು ತೋರಿಸಿಕೊಟ್ಟಿರುವುದುಂಟು. ಅದರಿಂದ ಅದರ ಚೆಲುವು ಕುಗ್ಗಿಲ್ಲ, ಶಾಸ್ತ್ರವು ಬೆಳೆದಿದೆ.

ಕೊಡುವವನಿಗೆ ಮಾತ್ರವಲ್ಲ, ಕೊಳ್ಳುವವನಿಗೂ ವಿದ್ಯೆ ಬೇಕು. ವೇಲ್ಸಿನ ನಾವಿಕ ಕ್ಯಾಪ್ಟನ್ ಎವಾನ್ಸ್ ಎಂಬಾತನು 1820ರ ದಶಕದಲ್ಲಿ ಒಂದು ಬಲಿಯಾಟವನ್ನು ಕಂಡುಹಿಡಿದನು. ಎರಡು ಕಡೆಯವರೂ ಕುದುರೆಯನ್ನೂ ಒಂಟೆಯನ್ನೂ ಹೊರಕ್ಕೆ ತಂದಮೇಲೆ, ಬಿಳಿಯವನು ಮಂತ್ರಿಯ ಕುದುರೆಯ ಮುಂದಿನ ಕಾಲಾಳನ್ನು ಕರಿಯ ಒಂಟೆಗೆ ಆಹಾರವಾಗಿ ಮುಂದಿಡುತ್ತಾನೆ. ಒಂಟೆಯು ಅದನ್ನು ತಿಂದೊಡನೆ ಪಕ್ಕದ ಕಾಲಾಳೊಂದು ಒಂದು ಮನೆ ಏರಿ ಒಂಟೆಯನ್ನು ಓಡಿಸುತ್ತದೆ. ಅದೇ ಕಾಲಾಳು ನಡುಭಾಗವನ್ನು ಹಿಡಿಯುವುದಕ್ಕೂ ಆಸರೆಯಾಗುತ್ತದೆ. ಒಂದೇ ನಡೆಯಿಂದ ಎರಡು ಕೆಲಸ! ಹತ್ತೊಂಬತ್ತನೆಯ ಶತಮಾನದಲ್ಲಿ ಈ ಆಟಕ್ಕೆ ಸಿಕ್ಕಿ ನಲುಗಿದ ಕರಿಯ ರಾಜರು ಅಸಂಖ್ಯಾತರು. ಅವರಲ್ಲಿ ಅನೇಕರು ಕೆಟ್ಟದ್ದು ದಕ್ಕಿದ ಕಾಲಾಳನ್ನು ಬಿಡಲಾರದ ಲೋಭದಿಂದ.

1894ರಿಂದ 1921ರವರೆಗೆ ಜಗಜ್ಜೆಟ್ಟಿಯಾಗಿದ್ದ ಇಮ್ಯಾನುಯಲ್ ಲಾಸ್ಕರನ ಹೆಸರಿನ ರಕ್ಷಣೆಯಲ್ಲಿ ಇದಕ್ಕೆ ಮದ್ದು ದೊರೆಯಿತು. ಅದರ ತಿರುಳು ಇಷ್ಟು: ತೆಗೆದುಕೊಂಡ ಕಾಲಾಳನ್ನು ತಕ್ಕ ಸಮಯದಲ್ಲಿ ಹಿಂದಿರುಗಿಸಿಬಿಡು. ಕರಿಯವನು ಒಂಟೆಯನ್ನು ಹಿಂದಕ್ಕೆ ಸರಿಸಿ ಕಾಲಾಳನ್ನು ಬಿಟ್ಟುಕೊಡುತ್ತಾನೆ. ಬಿಳಿಯವನು ಆಸೆಪಟ್ಟು ಅದನ್ನು ಹಿಂದಕ್ಕೆ ಪಡೆಯಹೊರಟರೆ ಮಂತ್ರಿಗಳು ಅದಲುಬದಲಾಗಿ ಮಣೆಯನ್ನು ಬಿಡುತ್ತವೆ. ಈಗ ಕಾಯಿಗಳ ಲೆಕ್ಕ ಸಮ. ಆದರೆ ಬಿಳಿಯವನ ದಾಳಿ ಆರಿಹೋಗಿದೆ, ಅವನ ಮಂತ್ರಿಯ ಪಾರ್ಶ್ವದಲ್ಲಿ ಒಂದಕ್ಕೊಂದು ಆಸರೆಯಿಲ್ಲದ ಎರಡು ಒಂಟಿ ಕಾಲಾಳುಗಳು ಉಳಿದಿವೆ. ಬಲಿಕೊಟ್ಟದ್ದು ಹಿಂದಿರುಗಿ ಬಂದಿತೆಂದು ಹಿಗ್ಗಿದವನು ನಿಧಾನವಾಗಿ ಸೋಲತೊಡಗುತ್ತಾನೆ. ಈ ಬಾಗಿಲು ಎಲ್ಲಿದೆಯೆಂದು ಬಲ್ಲ ಬಿಳಿಯವನಾದರೆ ಆ ಕಾಲಾಳನ್ನು ಮುಟ್ಟದೆ ಒತ್ತಡವನ್ನು ಬಿಗಿಮಾಡುತ್ತ ಹೋಗುತ್ತಾನೆ.

ಹೀಗೆ ಮದ್ದು ದೊರೆತ ಮೇಲೆ ಎವಾನ್ಸನ ಆಟವು ಬಹುಕಾಲ ಕಪಾಟನ್ನು ಸೇರಿತ್ತು. 1995ರಲ್ಲಿ ರೀಗಾ ನಗರದಲ್ಲಿ ಕ್ಯಾಸ್ಪರೋವನು ನಮ್ಮ ದೇಶದ ವಿಶ್ವನಾಥನ್ ಆನಂದರ ಮೇಲೆ ಅದನ್ನು ಹೊರತೆಗೆದನು. ಆನಂದರು ಕಾಲಾಳನ್ನು ಹಿಡಿದು ಒಂಟೆಯನ್ನು ರಾಜನ ಮುಂದಿನ ಮನೆಗೆ ಸರಿಸಿದರು. ಬಳಿಕ ಕುದುರೆಯಿಂದ ಬಿಳಿಯ ಒಂಟೆಯನ್ನು ಕೆಣಕಿದರು. ಕ್ಯಾಸ್ಪರೋವನು ಆತುರಪಟ್ಟು ಏನನ್ನೂ ಹೊಡೆಯದೆ ಒಂಟೆಯನ್ನು ಸುಮ್ಮನೆ ಹಿಂದಕ್ಕೆ ತೆಗೆದುಕೊಂಡನು. ಆ ಸೌಮ್ಯವಾದ ನಡೆಯ ಹಿಂದೆ ಇಡೀ ಯೋಜನೆಯಿತ್ತು. ಇಪ್ಪತ್ತೈದನೆಯ ನಡೆಯ ಹೊತ್ತಿಗೆ ಆನಂದರಂಥವರೂ ಆಟವನ್ನು ಬಿಟ್ಟುಕೊಡಬೇಕಾಯಿತು. ಹಳೆಯ ಆಯುಧಕ್ಕೆ ಹೊಸ ಸಾಣೆ ಕೊಟ್ಟವನಿಗೂ, ಅದನ್ನು ಆ ದಿನ ನಿರೀಕ್ಷಿಸದವನಿಗೂ ಇರುವ ಅಂತರ ಅಷ್ಟು.

ಶಾಸ್ತ್ರವು ಒಬ್ಬನ ಸೊತ್ತಲ್ಲವೆಂಬುದಕ್ಕೆ ಮಾರ್ಷಲನ ದಾಳಿಯು ನಿದರ್ಶನ. 1918ರಲ್ಲಿ ನ್ಯೂಯಾರ್ಕಿನಲ್ಲಿ ಅಮೇರಿಕದ ಫ್ರಾಂಕ್ ಮಾರ್ಷಲ್ ಕರಿಯ ಕಾಯಿಗಳಿಂದ ಕಪಬ್ಲಾಂಕನ ಎದುರಿಗೆ ಒಂದು ಹೊಸ ಬಲಿಯನ್ನಿಟ್ಟನು. ಎಂಟನೆಯ ನಡೆಯಲ್ಲಿ ಮಂತ್ರಿಯ ಕಾಲಾಳನ್ನು ಎರಡು ಮನೆ ನೂಕಿ, ನಡುಭಾಗದ ಒಂದು ಕಾಲಾಳನ್ನು ಒಪ್ಪಿಸಿ, ಬಿಳಿಯ ರಾಜನ ಮೇಲೆ ಕುದುರೆ, ಒಂಟೆ, ಮಂತ್ರಿಗಳನ್ನು ಹರಿಸಿದನು. ಈ ಉಪಾಯವನ್ನು ಅವನು ಎಷ್ಟೋ ವರ್ಷ ಗುಟ್ಟಾಗಿ ಕಾಪಾಡಿಕೊಂಡಿದ್ದನೆಂಬ ಕಥೆ ಹಬ್ಬಿದೆ. ಅದು ಕಥೆಯಷ್ಟೇ ಎನ್ನುವವರೂ ಇದ್ದಾರೆ. ಕಪಬ್ಲಾಂಕನು ಎದುರಾಳಿಯು ಸಿದ್ಧತೆಮಾಡಿಕೊಂಡು ಬಂದಿರುವನೆಂದು ತಿಳಿದೂ ಬಲಿಯನ್ನು ಸ್ವೀಕರಿಸಿ, ಬಿರುಗಾಳಿಯನ್ನು ತಾಳಿಕೊಂಡು, ಮೂವತ್ತಾರು ನಡೆಗಳಲ್ಲಿ ಗೆದ್ದನು. ಹಾಗಾದರೆ ಬಲಿ ವ್ಯರ್ಥವಾಯಿತೆ? ಇಲ್ಲ. ಹನ್ನೊಂದನೆಯ ನಡೆಯಲ್ಲಿ ಮಾರ್ಷಲನು ಮಣೆಯ ನಡುವಿನಲ್ಲಿದ್ದ ತನ್ನ ಕುದುರೆಯನ್ನು ಹಿಂದೆಗೆದಿದ್ದನು. ಅದನ್ನು ಅಲ್ಲಿಯೇ ಬಿಟ್ಟು, ಪಕ್ಕದ ಕಾಲಾಳನ್ನು ಒಂದು ಮನೆ ನಡೆಸಿ ಆಸರೆ ಕೊಡುವುದೇ ಮೇಲೆಂದು ಅನಂತರ ಗೊತ್ತಾಯಿತು. ಆ ಒಂದು ನಡೆಯ ತಿದ್ದುಪಡಿಯಿಂದ ಸೋತ ಬಲಿಯಾಟವು ಭದ್ರವಾಯಿತು. ಈಗ ಅಗ್ರಗಣ್ಯರಾದ ಆಟಗಾರರೇ ಬಿಳಿಯ ಕಾಯಿಗಳನ್ನು ಹಿಡಿದಾಗ ಬಲಿಗೆ ಎಡೆಗೊಡದಂತೆ ಎಂಟನೆಯ ನಡೆಯನ್ನೇ ಬದಲಾಯಿಸುವುದುಂಟು. ಓದದವನು ಇಂದು ಈ ಆಟವನ್ನಾಡಹೊರಟರೆ, ಮಾರ್ಷಲನು 1918ರಲ್ಲಿ ನಿಂತಿದ್ದ ಕಡೆಗೇ ಹೋಗಿ ನಿಲ್ಲುವ ಸಂಭವ ಹೆಚ್ಚು. ಮಾರ್ಷಲನ ಪ್ರತಿಭೆ ಮಾತ್ರ ಅವನಲ್ಲಿರುವುದಿಲ್ಲ.

"ಕಪಬ್ಲಾಂಕನು ಪುಸ್ತಕದ ಸಹಾಯವಿಲ್ಲದೆ ಗೆದ್ದನಲ್ಲ, ಪ್ರತಿಭೆಯೊಂದಿದ್ದರೆ ಸಾಕು" ಎಂದು ಕೆಲವರು ವಾದಿಸಬಹುದು. ಈ ವಾದಕ್ಕೆ ನಮ್ಮ ದೇಶದಿಂದಲೇ ಇನ್ನೂ ಬಲವಾದ ಉದಾಹರಣೆಯನ್ನು ಕೊಡಬಹುದು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಶೀಯ ಪದ್ಧತಿಯ ಆಟವನ್ನು ಕಲಿತು ಬೆಳೆದವರು. ಯೂರೋಪಿನ ಆರಂಭಗ್ರಂಥಗಳ ಪರಿಚಯ ಅವರಿಗೆ ಅತ್ಯಲ್ಪ. ಸರ್ ಉಮರ್ ಹಯಾತ್ ಖಾನರ ಪರಿವಾರದೊಡನೆ 1929ರಲ್ಲಿ ಇಂಗ್ಲೆಂಡಿಗೆ ಹೋದ ಅವರು ಅದೇ ವರ್ಷವೂ, ಮತ್ತೆ 1932 ಮತ್ತು 1933ರಲ್ಲಿಯೂ ಬ್ರಿಟಿಷ್ ಚಾಂಪಿಯನ್ ಪಟ್ಟವನ್ನು ಗೆದ್ದರು; 1930–31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಕಪಬ್ಲಾಂಕನನ್ನೇ ಸೋಲಿಸಿದರು. 2024ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು ಅವರಿಗೆ ಮರಣೋತ್ತರವಾಗಿ ಗ್ರ್ಯಾಂಡ್‌ಮಾಸ್ಟರ್ ಗೌರವವನ್ನು ಸಲ್ಲಿಸಿತು. ಆದರೆ ಆ ಗೆಲುವು ದೊರೆತ ಬಗೆಯನ್ನು ನೋಡಬೇಕು. ಅರವತ್ತಕ್ಕೂ ಹೆಚ್ಚು ನಡೆಗಳ ಆ ಆಟವು ಶಾಂತವಾಗಿ ಮೊದಲಾಗಿ, ಎದುರಾಳಿಯನ್ನು ಇಂಚಿಂಚಾಗಿ ಅದುಮಿದ ಆಟ. ಮೊದಲ ನಡೆಗಳಲ್ಲಿ ಕಿಡಿ ಹಾರಿಸಿದ ಆಟವಲ್ಲ. ಆರಂಭದಲ್ಲಿ ಹಿಂದೆಬಿದ್ದರೂ ಮಧ್ಯದಲ್ಲಿಯೂ ಅಂತ್ಯದಲ್ಲಿಯೂ ಅದನ್ನು ತುಂಬಿಕೊಳ್ಳುವ ಅಸಾಮಾನ್ಯ ಶಕ್ತಿ ಅವರಿಗಿತ್ತು. ಗ್ರಂಥಜ್ಞಾನ ಕಡಿಮೆಯಿದ್ದವನಿಗೆ ಮಾರ್ಗವಿಲ್ಲವೆಂದು ನಾವು ಹೇಳುವುದಿಲ್ಲ; ಮಾರ್ಗವಿದೆ, ಅದು ಶಾಂತಮಾರ್ಗ. ಬಲಿಯಾಟವು ಆ ತುಂಬಿಕೊಳ್ಳುವ ಅವಕಾಶವನ್ನೇ ಕಿತ್ತುಕೊಳ್ಳುತ್ತದೆ.

ಇನ್ನು ಈ ಆಟವನ್ನು ಶಾಸ್ತ್ರವಾಗಿ ಅಭ್ಯಾಸಮಾಡುವುದು ನಮಗೆ ಪರಕೀಯವೂ ಅಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಒಂದೇ ಕುದುರೆಯು ಅರವತ್ತನಾಲ್ಕು ಮನೆಗಳನ್ನೂ ಸುತ್ತಿಬರುವ ಬಂಧಗಳನ್ನು ರಚಿಸಿ, ಚದುರಂಗದ ಲೆಕ್ಕಾಚಾರವು ಅರಸರಿಗೂ ತಕ್ಕ ವ್ಯಾಸಂಗವೆಂಬುದನ್ನು ತೋರಿಸಿದ್ದಾರೆ.

ಹಾಗೆಂದು ಶಾಸ್ತ್ರವೆಂದರೆ ಕಂಠಪಾಠವೆಂದು ಭಾವಿಸಬಾರದು. 1960ರಲ್ಲಿ ಮಾರ್ ದೆಲ್ ಪ್ಲಾಟಾ ಎಂಬಲ್ಲಿ ರಷ್ಯದ ಸ್ಪಾಸ್ಕಿಯು ಹದಿನೇಳು ವರ್ಷದ ಬಾಬಿ ಫಿಷರನನ್ನು ರಾಜನ ಬಲಿಯಾಟದಿಂದ ಸೋಲಿಸಿದನು. ಫಿಷರನು ಮರುವರ್ಷವೇ ಒಂದು ಲೇಖನವನ್ನು ಪ್ರಕಟಿಸಿ, ಕರಿಯವನು ಮೂರನೆಯ ನಡೆಯಲ್ಲಿ ಮಂತ್ರಿಯ ಮುಂದಿನ ಕಾಲಾಳನ್ನು ಒಂದೇ ಮನೆ ನಡೆಸಿದರೆ ಆ ಆಟವು ಮುರಿದುಬೀಳುವುದೆಂದು ಸಾರಿದನು. ಅಷ್ಟು ಸಾರಿದವನೇ 1963ರಲ್ಲಿ ಅದೇ ರಾಜನ ಬಲಿಯಾಟವನ್ನು ಬಿಳಿಯ ಕಾಯಿಗಳಿಂದ ಆಡಿ ಗೆದ್ದನು! ಅವನು ಕುದುರೆಯ ಬದಲು ಆಂಡರ್ಸನನಂತೆ ಒಂಟೆಯನ್ನು ಮೊದಲು ತಂದನು. ತಾನೇ ಕಟ್ಟಿದ ಕಟ್ಟೆಯು ಆ ಕವಲಿಗೆ ಅಡ್ಡಬಾರದೆಂದು ಅವನಿಗೆ ಗೊತ್ತಿತ್ತು. ನಡೆಗಳನ್ನು ಬಾಯಿಪಾಠ ಮಾಡಿದವನಿಗೆ ಇದು ಹೊಳೆಯದು; ನಡೆಯ ಕಾರಣವನ್ನು ಬಲ್ಲವನಿಗೆ ಹೊಳೆಯುತ್ತದೆ.

ಯಂತ್ರವೂ ಈ ಪಾಠವನ್ನೇ ಕಲಿಸಿದೆ. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಡೀಪ್ ಬ್ಲೂ ಎಂಬ ಗಣಕಯಂತ್ರಕ್ಕೂ ಕ್ಯಾಸ್ಪರೋವನಿಗೂ ನಡೆದ ಕೊನೆಯ ಪಂದ್ಯದಲ್ಲಿ, ಯಂತ್ರವು ಎಂಟನೆಯ ನಡೆಯಲ್ಲಿಯೇ ಒಂದು ಕುದುರೆಯನ್ನು ಬಲಿಕೊಟ್ಟಿತು. ಕ್ಯಾಸ್ಪರೋವನು ಹತ್ತೊಂಬತ್ತು ನಡೆಗಳಲ್ಲಿ ಸೋಲೊಪ್ಪಿದನು. ಆ ಬಲಿಯನ್ನು ಯಂತ್ರವು ಕುಳಿತು ಎಣಿಸಿ ಕಂಡುಕೊಂಡದ್ದಲ್ಲ. ಅದು ಆರಂಭಶಾಸ್ತ್ರದಲ್ಲಿ ಮೊದಲೇ ತಿಳಿದಿದ್ದ ನಡೆ, ಯಂತ್ರದ ಆರಂಭಕೋಶದಲ್ಲಿ ಮನುಷ್ಯರು ಸೇರಿಸಿದ್ದ ನಡೆ. ಕ್ಷಣಕ್ಕೆ ಕೋಟಿಗಟ್ಟಲೆ ಸ್ಥಿತಿಗಳನ್ನು ಎಣಿಸಬಲ್ಲ ಯಂತ್ರಕ್ಕೂ ಬಲಿಕೊಡುವಾಗ ಹಿಂದಿನವರ ಅನುಭವವು ಒದಗಿಬಂದಿತು. ಗಂಟೆಗೆ ನಾಲ್ಕು ಆಲೋಚನೆ ಮಾಡುವ ನಮಗೆ ಅದು ಬೇಡವೆ?

ಅಭ್ಯಾಸದ ಕ್ರಮವನ್ನು ಎರಡು ಮಾತಿನಲ್ಲಿ ಹೇಳಬಹುದು. ಹತ್ತು ಬಲಿಯಾಟಗಳನ್ನು ಅರೆಬರೆ ಕಲಿಯುವುದಕ್ಕಿಂತ ಒಂದನ್ನು ಬುಡದಿಂದ ಕಲಿಯುವುದು ಲೇಸು. ಅದರಲ್ಲಿ ಹಿಂದಿನವರು ಆಡಿದ ಇಪ್ಪತ್ತು ಪಂದ್ಯಗಳನ್ನು ಮಣೆಯ ಮೇಲೆ ನಡೆಸಿ ನೋಡಬೇಕು. ಗೆದ್ದ ಪಂದ್ಯಗಳಷ್ಟೇ ಸೋತ ಪಂದ್ಯಗಳನ್ನೂ ನೋಡಬೇಕು. ಒಂದೊಂದು ನಡೆಯಲ್ಲಿಯೂ ನಿಂತು, "ಇದನ್ನು ಬಿಟ್ಟಿದ್ದರೆ ಏನಾಗುತ್ತಿತ್ತು?" ಎಂದು ಕೇಳಿಕೊಳ್ಳಬೇಕು. ಎದುರಾಳಿಯು ಬಲಿಯನ್ನು ತೆಗೆದುಕೊಂಡರೇನು, ತೆಗೆದುಕೊಳ್ಳದಿದ್ದರೇನು, ತೆಗೆದುಕೊಂಡು ಹಿಂದಿರುಗಿಸಿದರೇನು—ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದೆ ಕಾಲಾಳನ್ನು ಕೈಬಿಡಬಾರದು. ಮಂತ್ರಿಗಳು ಅದಲುಬದಲಾಗುವ ಸ್ಥಾನಗಳನ್ನು ವಿಶೇಷವಾಗಿ ಗುರುತಿಟ್ಟುಕೊಳ್ಳಬೇಕು. ಸಾಮಾನ್ಯವಾಗಿ ದಾಳಿಯು ಸಾಯುವುದು ಅಲ್ಲಿಯೇ.

ಇಷ್ಟನ್ನೆಲ್ಲ ಓದಿದರೆ ಆಟದ ಸಾಹಸವೇ ಹೋಗಿಬಿಡುವುದೆಂಬ ಭಯ ಬೇಡ. ಎಷ್ಟು ಓದಿದರೂ ಹದಿನೈದನೆಯ ನಡೆಯ ಆಸುಪಾಸಿನಲ್ಲಿ ಪುಸ್ತಕದ ದಾರಿ ಮುಗಿದು, ಆಟಗಾರನು ಒಬ್ಬನೇ ನಿಲ್ಲುವ ಮನೆಯೊಂದು ಬಂದೇ ಬರುತ್ತದೆ. ಅಲ್ಲಿಂದ ಮುಂದೆ ಅವನ ಕಣ್ಣು, ಅವನ ಎದೆ, ಅವನ ಬುದ್ಧಿ. ಓದಿದವನು ಆ ಮನೆಯನ್ನು ತಲುಪುವಾಗ ಅವನ ಕುದುರೆ ಒಂಟೆಗಳು ಜೊತೆಯಲ್ಲಿರುತ್ತವೆ, ರಾಜನು ಕೋಟೆಯಲ್ಲಿರುತ್ತಾನೆ. ಓದದವನು ಅಲ್ಲಿಗೆ ತಲುಪುವುದೇ ಅಪರೂಪ. ಅವನ ಸಾಹಸವೆಲ್ಲ ನೂರಾರು ವರ್ಷಗಳ ಹಿಂದೆ ಉತ್ತರ ದೊರೆತ ಪ್ರಶ್ನೆಗಳಿಗೇ ವೆಚ್ಚವಾಗಿರುತ್ತದೆ.